ಹಾರ ಹಾಕಿ ಕಳಿಸಿದ ಮೇಲೆ

ಸಿಡಿಲು ಟೆಲಿಫೋನ್ ತಂತಿಯಲ್ಲಿ ಇಳಿದುಬಂದು ಮೋಡೆಮ್ಮನ್ನು ಸುಟ್ಟುಹಾಕಬಹುದಿತ್ತು. ಉಪ್ಪುಗಾಳಿ ಕಂಪ್ಯೂಟರಿನ ಹೊಟ್ಟೆಯೊಳಗೆ ಹೊಕ್ಕು ತುಕ್ಕು ಹಿಡಿಸಬಹುದಿತ್ತು. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋಗಬಹುದಿತ್ತು. ಹಾಗೆ ಹೋಗದೆ, ನಾನು ಕೆಲಸ ಮುಗಿಸಿ ಕಳಿಸುವ ಕೊನೆಯ ಐದು ನಿಮಿಷದಲ್ಲಿ ಮಾತ್ರ ಹೋಗಬಹುದಿತ್ತು, ಅದು ಇನ್ನೂ ಕೆಟ್ಟದ್ದು. ಸಾಮಾನಿನ ಲಾರಿ ಘಾಟಿಯಲ್ಲಿ ಮಗುಚಬಹುದಿತ್ತು. ಲಾರಿ ನೆಟ್ಟಗೆ ತಲುಪಿ ಮಾನಿಟರ್ ಮಾತ್ರ ಒಡೆದಿರಬಹುದಿತ್ತು. ತೆಂಗಿನಕಾಯಿ ತಂತಿಯ ಮೇಲೆ ಬೀಳಬಹುದಿತ್ತು, ಅಥವಾ ನನ್ನ ತಲೆಯ ಮೇಲೆ. ಮನೆಯ ಮಾಲೀಕರು ಕಂಪ್ಯೂಟರ್ ನೋಡಿ, ಇವನು ಸೈಬರ್ ಸೆಂಟರ್ ಇಡಲು ಬಂದವನು ಎಂದು ಬಾಗಿಲಲ್ಲೇ ನಿಲ್ಲಿಸಬಹುದಿತ್ತು. ನಾವು ಹೊಸ ಮನೆಯಲ್ಲಿ ಹಾಲುಕ್ಕಿಸಿದ ಮಾರನೆಯ ದಿನವೇ ಹೆಂಡತಿಯ ವರ್ಗಾವಣೆ ರದ್ದಾಗಬಹುದಿತ್ತು. ಬಾವಿಯ ನೀರು ನನಗೆ ಒಗ್ಗದಿರಬಹುದಿತ್ತು. ಮೀನಿನ ವಾಸನೆ ಒಗ್ಗದಿರಬಹುದಿತ್ತು, ಇಲ್ಲವೇ ಒಗ್ಗಿಯೇಬಿಡಬಹುದಿತ್ತು. ನಮ್ಮಮ್ಮನಿಗಿದ್ದ ದೊಡ್ಡ ಭಯ ಅದೇ.

ಇವನ್ನೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿ ಬರೆದಿದ್ದೆ. ನಲವತ್ತೊಂದು ಆಗಿತ್ತು. ಒಂದು ಭಾನುವಾರ ಅವರೆಕಾಳು ಸುಲಿಯುತ್ತ ಕೂತಿದ್ದ ಹೆಂಡತಿ ಅದನ್ನು ಎಳೆದುಕೊಂಡು ಮೊದಲಿಂದ ಕೊನೆಯವರೆಗೆ ಓದಿದಳು.

"ಸುನಾಮಿ ಬಿಟ್ಟಿದ್ದೀರಲ್ರೀ," ಎಂದಳು.

ಅವಳು ಹೇಳಿದ್ದು ತಮಾಷೆಗೆ. ನಾನು ನಲವತ್ತೆರಡು ಎಂದು ಬರೆದುಕೊಂಡೆ.

ಅವಳು ವಿಮಾ ಕಚೇರಿಯಲ್ಲಿ ಕೆಲಸದಲ್ಲಿದ್ದಳು. ಬಡ್ತಿ ಬಂದರೆ ಊರು ಬಿಡಬೇಕು, ಅಲ್ಲಿಯ ನಿಯಮ ಹಾಗೆ. ಎರಡು ಸಲ ಬಂದಿತ್ತು. ಎರಡು ಸಲವೂ ಬೇಡ ಎಂದು ಬರೆದುಕೊಟ್ಟಿದ್ದಳು. ಕಾರಣ ಎಂಬ ಜಾಗದಲ್ಲಿ 'ಕೌಟುಂಬಿಕ' ಎಂದು ತುಂಬಿದ್ದಳಂತೆ. ಆ ಕುಟುಂಬ ಅಂದರೆ ನಾನು. ಅವಳಿಗಿಂತ ಐದು ವರ್ಷ ತಡವಾಗಿ ಸೇರಿದವರು ಅವಳಿಗೆ ಮೇಲಧಿಕಾರಿಯಾಗಿ ಬಂದು, ಅವಳ ರಜೆಚೀಟಿಗೆ ಸಹಿ ಹಾಕುತ್ತಿದ್ದರು. ಮೂರನೆಯ ಸಲ ಕುಂದಾಪುರ ಎಂದು ಬಂತು, ಎರಡು ಸಾವಿರದ ಐದು ಆರರ ಸುಮಾರಿನಲ್ಲಿ. ಇದನ್ನೂ ಬೇಡವೆಂದರೆ ಮತ್ತೆ ಕೇಳುವುದಿಲ್ಲ. ಅವಳು ಆ ಕಾಗದವನ್ನು ಫ್ರಿಜ್ಜಿನ ಮೇಲೆ ಇಟ್ಟು ಅಡುಗೆಮನೆಗೆ ಹೋದಳು. ನಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲೆ ಇಟ್ಟರೆ ನಾನು ನೋಡಲೇಬೇಕು ಎಂದರ್ಥ.

ಈ ಸಲ ಕುಟುಂಬ ಹೋಗುತ್ತದೆ ಎಂದು ನಾನೇ ಹೇಳಿದೆ. ಮಗಳು ಆಗಷ್ಟೇ ಮೈಸೂರಿನಲ್ಲಿ ಹಾಸ್ಟೆಲ್ ಸೇರಿದ್ದಳು. ಉಳಿದದ್ದು ನನ್ನ ಕೆಲಸವೊಂದೇ.

ನನ್ನದು ತಪ್ಪು ಹುಡುಕುವ ಕೆಲಸ. ಶಿವಾಜಿನಗರದಲ್ಲಿ, ಬಸ್‌ಸ್ಟ್ಯಾಂಡಿನಿಂದ ಎರಡು ಗಲ್ಲಿ ಆಚೆ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ, ವಿದೇಶದ ವಿಜ್ಞಾನ ಪತ್ರಿಕೆಗಳಿಗೆ ಪುಟ ಸಿದ್ಧಮಾಡಿಕೊಡುವ ಸಣ್ಣ ಸಂಸ್ಥೆ. ಯಾವುದೋ ದೇಶದ ಪ್ರೊಫೆಸರ್ ಕಪ್ಪೆಯ ಪಿತ್ತಕೋಶದ ಬಗ್ಗೆ ಬರೆದ ಲೇಖನದಲ್ಲಿ ಎಲ್ಲಿ ಅಲ್ಪವಿರಾಮ ಬಿಟ್ಟುಹೋಗಿದೆ, ಎಷ್ಟನೇ ಚಿತ್ರಕ್ಕೆ ಎಷ್ಟನೇ ನಂಬರ್ ಬಿದ್ದಿದೆ ಎಂದು ನೋಡುತ್ತ ಹದಿನಾಲ್ಕು ವರ್ಷ ಕಳೆದಿದ್ದೆ. ಆತಂಕದ ಸ್ವಭಾವವನ್ನು ಸಂಬಳ ಕೊಟ್ಟು ಸಾಕುವ ಉದ್ಯೋಗ ಬೇರೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮೊದಲು ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ಮಾಡುತ್ತಿದ್ದೆವು. ಆಮೇಲೆ ಎಲ್ಲ ಕಂಪ್ಯೂಟರಿಗೆ ಬಂತು. ಫೈಲು ಇಮೇಲಿನಲ್ಲಿ ಬರುವುದು, ಇಮೇಲಿನಲ್ಲೇ ಹೋಗುವುದು. ಪಕ್ಕದ ಮೇಜಿನವರಿಗೂ ನಾವು ಇಮೇಲಿನಲ್ಲೇ ಕಳಿಸುತ್ತಿದ್ದೆವು. ಹಾಗಿದ್ದ ಮೇಲೆ ಆ ಮೇಜು ಶಿವಾಜಿನಗರದಲ್ಲೇ ಯಾಕಿರಬೇಕು?

ಈ ಪ್ರಶ್ನೆ ನನಗೆ ಹೊಳೆದದ್ದು ಕಗ್ಗದಾಸಪುರದ ರೈಲ್ವೆ ಗೇಟಿನಲ್ಲಿ. ನಮ್ಮ ಬಾಡಿಗೆ ಮನೆ ಗೇಟಿನ ಆಚೆಗಿತ್ತು. ದಿನಾ ಬೆಳಿಗ್ಗೆ ಎಂಟೂಕಾಲಿಗೆ ನನ್ನ ಸ್ಕೂಟರ್ ಗೇಟಿಗೆ ಬರುವುದಕ್ಕೂ ಅದು ಕೆಳಗಿಳಿಯುವುದಕ್ಕೂ ಸರಿಹೋಗುತ್ತಿತ್ತು. ಎಡಗಡೆ ನೀರಿನ ಟ್ಯಾಂಕರ್, ಬಲಗಡೆ ಜಲ್ಲಿ ಲಾರಿ, ಎರಡರ ಹೊಗೆ ನನ್ನ ಮುಖಕ್ಕೆ. ಗೇಟಿನ ಈಚೆ ಇರುವವರು ಇಡೀ ರಸ್ತೆ ತುಂಬಿಕೊಂಡು ನಿಲ್ಲುತ್ತಿದ್ದರು, ಆಚೆ ಇರುವವರೂ ಹಾಗೇ. ಗೇಟು ತೆರೆದ ಮೇಲೆ ಹಳಿಯ ಮೇಲೆ ಎರಡು ಸೈನ್ಯಗಳು ಎದುರುಬದುರಾದಂತೆ ನಿಂತು ಹಾರ್ನ್ ಹೊಡೆಯುತ್ತಿದ್ದವು. ಒಂದು ದಿನ ಲೆಕ್ಕ ಹಾಕಿದೆ: ಗೇಟಿನ ಮುಂದೆ ನಿಂತೇ ನನ್ನ ಆಯುಸ್ಸಿನಲ್ಲಿ ಎಷ್ಟು ತಿಂಗಳು ಹೋಗಿದೆ ಎಂದು. ಉತ್ತರ ಬಂದ ದಿನ ಆಫೀಸಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಯಾರೂ ಗಮನಿಸಲೂ ಇಲ್ಲ, ಅದು ಬೇರೆ ವಿಷಯ.

ನಮ್ಮ ಯಜಮಾನರು ರಿಚರ್ಡ್ಸ್ ಟೌನಿನ ಹಳೆಯ ಮನೆಯವರು. ಮನೆಮಾತು ತಮಿಳು, ಬೈಗುಳ ಇಂಗ್ಲಿಷ್, ಒಳ್ಳೆಯ ಮಾತು ಕನ್ನಡ. ನನ್ನ ಅಹವಾಲನ್ನು ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು.

"ಸಮುದ್ರದ್ ಹತ್ರ ಹೋಗಿ ವರ್ಕ್ ಮಾಡ್ತೀನಿ ಅಂತೀರ. ಸೆರಿ. ನಾನ್ ಏನ್ ಹೇಳ್ಲಿ. ಒನ್ ಮಂತ್ ನೋಡೋಣ. ಇಲ್ಲಿ ಕೂತು ತಿಂಗ್ಳಿಗೆ ಎಷ್ಟು ಪೇಜ್ ಮಾಡ್ತಿದ್ರೋ ಅಷ್ಟೇ ಅಲ್ಲಿಂದ್ಲೂ ಬರ್ಬೇಕು. ಬಂತು, ನೀವು ಅಲ್ಲೇ ಇರಿ, ಸ್ಯಾಲರಿ ಹಾಗೇ ಬರುತ್ತೆ. ಬರ್ಲಿಲ್ಲ, ವಾಪಸ್ ಬಂದು ನಿಮ್ ಚೇರಲ್ಲೇ ಕೂತ್ಕೊಳ್ಳಿ."

"ಬರುತ್ತೆ ಸಾರ್."

"ನೀವೇ ಬರ್ತೀರಾ, ಪೇಜ್ ಬರುತ್ತಾ?"

"ಪೇಜ್ ಸಾರ್."

ಇಷ್ಟೇ ಒಪ್ಪಂದ. ಬರಹದಲ್ಲಿ ಏನೂ ಇಲ್ಲ, ಆಫೀಸಿನಲ್ಲಿ ಬೇರೆ ಯಾರಿಗೂ ಈ ತಿಂಗಳ ಷರತ್ತು ಗೊತ್ತಿಲ್ಲ. ಲೆಕ್ಕ ನನಗೆ ಸ್ಪಷ್ಟವಿತ್ತು. ಒಂದು ತಿಂಗಳು ಪುಟ ಕಡಿಮೆಯಾಗದಿದ್ದರೆ ನಾವಿಬ್ಬರೂ ಒಂದೇ ಮನೆಯಲ್ಲಿ ಇರುತ್ತೇವೆ, ಇಬ್ಬರಿಗೂ ಕೆಲಸವಿರುತ್ತದೆ. ಕಡಿಮೆಯಾದರೆ, ಒಪ್ಪಿಕೊಂಡ ಬಡ್ತಿಯನ್ನು ಅವಳು ಹಿಂದಕ್ಕೆ ಕೊಡುವಂತಿಲ್ಲ. ಅವಳು ಅಲ್ಲಿ, ನಾನು ಈ ಗೇಟಿನಲ್ಲಿ.

ಸುದ್ದಿ ಹರಡಿತು. ಇಂದಿರಾನಗರದಲ್ಲಿ ಸಾಫ್ಟ್‌ವೇರಿನವರಿಗೆ ಪೀಠೋಪಕರಣ ಮಾರುತ್ತಿದ್ದ ನನ್ನ ಹಳೆಯ ಗೆಳೆಯ ಫೋನ್ ಮಾಡಿದ. "ಏನ್ ಮಗಾ, ಬೀಚಲ್ಲಿ ಚಡ್ಡಿ ಹಾಕ್ಕೊಂಡು ಕೂತು ಸಂಬ್ಳ ತಗೊಳ್ತೀಯಂತೆ. ನಮ್ಗೂ ಒಂದ್ ಸೀಟ್ ಹಾಕ್ಸು ಗುರು." ಗೇಟಿನಲ್ಲಿ ದಿನಕ್ಕೊಂದು ಗಂಟೆ ಸುಟ್ಟುಕೊಂಡರೆ ಅದು ದುಡಿಮೆ, ಅದಿಲ್ಲದೆ ಅದೇ ಕಪ್ಪೆಯ ಪಿತ್ತಕೋಶವನ್ನು ತಿದ್ದಿದರೆ ಅದು ಮಜಾ. ಈ ಊರಿನಲ್ಲಿ ಕೆಲಸ ಎಂದರೆ ಕೆಲಸವಲ್ಲ, ಕೆಲಸಕ್ಕೆ ಹೋಗಿಬರುವ ಯಾತನೆ ಎಂದು ನನಗೆ ಆಗ ಅರ್ಥವಾಯಿತು. ಕಗ್ಗದಾಸಪುರದ ಮನೆ ಮಾಲೀಕರು ಇನ್ನೂ ನೇರ. ನಮ್ಮ ಕಟ್ಟಡ ಇದ್ದ ಜಾಗದಲ್ಲಿ ಅವರು ಹುಡುಗರಿದ್ದಾಗ ರಾಗಿ ಬೆಳೆದವರು. "ಭೂಮಿ ಕಳ್ಕೊಂಡ ನಾವೇ ಇಲ್ಲಿ ಕೂತಿದೀವಿ," ಎಂದರು. "ಬಾಡಿಗೆಗೆ ಬಂದ ನೀವು ಧೂಳು ಅಂತ ಓಡ್ತೀರಾ. ಹೋಗಿ ಸ್ವಾಮಿ. ಅಲ್ಲಿ ಮೀನ್ ಹಿಡೀರಿ." ಅವರ ಮೇಲೆ ಮಾತ್ರ ನನಗೆ ಸಿಟ್ಟು ಬರಲಿಲ್ಲ. ಬಾಕಿ ಎಲ್ಲರ ಮೇಲೂ ಬಂತು.

ನಾನು ಹುಟ್ಟಿ ಬೆಳೆದದ್ದು ಸರ್ಕಾರಿ ಕಾರ್ಖಾನೆಯ ಕಾಲೊನಿಯ ಪಕ್ಕದಲ್ಲಿ. ಅಲ್ಲಿ ಮನುಷ್ಯನ ಜೀವನದಲ್ಲಿ ಮೂರು ಸಲ ಹಾರ ಬೀಳುತ್ತಿತ್ತು: ಮದುವೆಯಲ್ಲಿ, ಬೀಳ್ಕೊಡುಗೆಯಲ್ಲಿ, ಆಮೇಲೆ. ತೊಂಬತ್ತರ ದಶಕದಲ್ಲಿ ನಮ್ಮಪ್ಪ ನಿವೃತ್ತರಾದ ದಿನ ಸಹೋದ್ಯೋಗಿಗಳು ಹಾರ ಹಾಕಿ, ಶಾಲು ಹೊದೆಸಿ, ಕಾರ್ಖಾನೆಯ ಬಸ್ಸಿನಲ್ಲೇ ಮನೆ ಬಾಗಿಲಿಗೆ ತಂದು ಬಿಟ್ಟರು. ಎಲ್ಲರೂ ಬೋಂಡ ತಿಂದರು. ಅಪ್ಪ ನೋಡಿಕೊಳ್ಳುತ್ತಿದ್ದ ಲೇತ್ ಯಂತ್ರ ಆಮೇಲೆ ಎರಡು ಸಲ ಕೆಟ್ಟಿತಂತೆ. ಅದರ ಜಾತಕ ಗೊತ್ತಿದ್ದವರು ಅಪ್ಪ ಒಬ್ಬರೇ, ಮನೆ ಇದ್ದದ್ದು ಕಾರ್ಖಾನೆಯಿಂದ ಮೂರು ಸ್ಟಾಪು. ಯಾರೂ ಕರೆಯಲಿಲ್ಲ. "ಹಾರ ಹಾಕಿ ಕಳ್ಸಿದ್ಮೇಲೆ ಹೆಂಗ್ ಕರೆಯೋದು ಯಜಮಾನ್ರೇ," ಎಂದು ಒಬ್ಬರು ಆಮೇಲೆ ದಾರಿಯಲ್ಲಿ ಸಿಕ್ಕಾಗ ಹೇಳಿದರಂತೆ. ಅಪ್ಪನಿಗೆ ಅದು ಸರಿಯಾಗೇ ಕಂಡಿತ್ತು. ನನಗೂ ಕಂಡಿತ್ತು. ನಮ್ಮ ಕಡೆ ಅದು ಮರ್ಯಾದೆ.

ನನ್ನ ಕೊನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ ಕೆಲಸ ಹಂಚುವ ಮೇಡಂ ನನ್ನ ಮೇಜಿಗೆ ಬಂದರು. ಮರ್ಫಿ ಟೌನಿನವರು, ನನಗಿಂತ ಎಂಟು ವರ್ಷ ದೊಡ್ಡವರು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಯಾರಿಗೆ ಯಾವ ಲೇಖನ, ಎಷ್ಟು ಪುಟ ಎಂದು ಹಂಚುವುದು ಅವರೇ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗುವಿಗೆ ಪರೀಕ್ಷೆ ಎಂದು ನೋಡಿ, ಅವರಿಗೆ ಹಗುರವಾದದ್ದನ್ನು ಕೊಡುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಅವರು ದನಿ ಎತ್ತಿದ್ದು ನಾನು ಕೇಳಿರಲಿಲ್ಲ.

"ಸಾರ್, ಸ್ವಲ್ಪ ಆಚೆ ಬನ್ನಿ, ಫೈವ್ ಮಿನಿಟ್ಸ್," ಎಂದರು.

ಹಾಲಿನಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿದ್ದರು. ಕೆಳಗಿನ ಬೇಕರಿಯಿಂದ ತಂದ ಕೇಕು, ಖಾರಾ ಬನ್ನು, ಚಿಪ್ಸು. ಇಪ್ಪತ್ತೆರಡು ಜನ ಚಪ್ಪಾಳೆ ತಟ್ಟಿದರು. ಯಜಮಾನರು ಹಾರ ಹಾಕಿದರು. ಸುಗಂಧರಾಜದ ಹಾರ, ಶಿವಾಜಿನಗರದ ಹೂವಿನಂಗಡಿಯದು, ಒದ್ದೆಯಾಗಿತ್ತು, ಅಂಗಿಯೊಳಗೆ ನೀರು ಇಳಿಯಿತು.

ಆಗ ನಾನು ಹೇಳಬೇಕಿತ್ತು. ರೀ, ನಾನು ಎಲ್ಲಿಗೂ ಹೋಗ್ತಿಲ್ಲ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಫೈಲ್ ಕಳಿಸಿ. ಇಷ್ಟೇ. ಹದಿನಾಲ್ಕು ವರ್ಷ ಬೇರೆಯವರ ತಪ್ಪನ್ನು ಪುಟದ ಅಂಚಿನಲ್ಲಿ ಗುರುತು ಹಾಕಿದ ನನಗೆ, ಕತ್ತಿನಲ್ಲಿ ನೇತಾಡುತ್ತಿದ್ದ ತಪ್ಪು ಕಾಣಲಿಲ್ಲ. ಕಾಣಲಿಲ್ಲ ಎಂದರೆ ಸುಳ್ಳು. ಕಂಡಿತು. ಕೈಮುಗಿದುಕೊಂಡು ನಕ್ಕೆ. ಒಬ್ಬ ಸಹೋದ್ಯೋಗಿ ನನ್ನ ಶಿಸ್ತಿನ ಬಗ್ಗೆ ಮಾತಾಡಿದ. ಇನ್ನೊಬ್ಬಳು, ಮೊದಲ ದಿನ ನಾನು ಅವಳಿಗೆ ಕೆಲಸ ಕಲಿಸಿದ್ದನ್ನು ಹೇಳಿ ಅತ್ತಳು. ನನ್ನ ಕಣ್ಣೂ ತುಂಬಿತು. ಬಗಲಲ್ಲಿ ಒಪ್ಪಂದ ಇಟ್ಟುಕೊಂಡು ಅಳುವ ದರಿದ್ರ ಬುದ್ಧಿ ನನ್ನದು. ಕೊನೆಗೆ ಉಡುಗೊರೆ ಬಂತು, ಇಬ್ಬರು ಎತ್ತಿಕೊಂಡು ಬಂದರು. ಕ್ಯಾನ್ವಾಸಿನ ಆರಾಮ ಕುರ್ಚಿ, ಮಡಚುವಂಥದ್ದು, ನೀಲಿ ಬಿಳಿ ಪಟ್ಟೆ.

"ಸಮುದ್ರದ್ ಮುಂದೆ ಹಾಕ್ಕೊಂಡು ಆರಾಮಾಗ್ ಕೂತ್ಕೊಳ್ಳಿ ಸಾರ್," ಎಂದರು ಮೇಡಂ. "ಬಹಳ ದುಡಿದ್ರಿ."

"ಥ್ಯಾಂಕ್ಸ್ ಮೇಡಂ," ಎಂದೆ.

ಸ್ಕೂಟರಿನ ಹಿಂದೆ ಆ ಕುರ್ಚಿಯನ್ನು ಕಟ್ಟಿಕೊಂಡು, ಹಾರವನ್ನು ಹ್ಯಾಂಡಲಿಗೆ ಸುತ್ತಿಕೊಂಡು, ಹಲಸೂರು ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಬಂದೆ. ಗೇಟಿನಲ್ಲಿ ಪಕ್ಕದ ಬೈಕಿನವನು ಹಾರವನ್ನೂ ನನ್ನನ್ನೂ ನೋಡಿ, "ರಿಟೈರ್ಡಾ ಅಂಕಲ್?" ಎಂದ. ನನಗಾಗ ನಲವತ್ತಮೂರು. ಗೇಟು ತೆರೆಯುವವರೆಗೆ ಅವನ ಕಡೆ ತಿರುಗಲಿಲ್ಲ.

ಕುಂದಾಪುರದಲ್ಲಿ ಎಲ್ಲವೂ ಸರಿಹೋಯಿತು. ಇದನ್ನು ಬರೆಯುವಾಗಲೂ ನನಗೆ ಒಂದು ಥರ ಸಿಟ್ಟು ಬರುತ್ತದೆ. ಲಾರಿ ಹೇಳಿದ ಹೊತ್ತಿಗೆ ಬಂತು. ಮಾನಿಟರಿಗೆ ಒಂದು ಗೀರೂ ಇಲ್ಲ. ಟೆಲಿಫೋನ್ ಲೈನು ಮೊದಲೇ ಬಂದು ಕೂತಿತ್ತು. ಮನೆ ಮಾಲೀಕರು ಕಂಪ್ಯೂಟರ್ ನೋಡಿ, ಮೇಜು ಅಲುಗಾಡುತ್ತದೆ ಎಂದು ಕಾಲಿನ ಕೆಳಗೆ ತಾವೇ ಹಲಗೆ ತುಂಡು ಕೊಟ್ಟರು. ಬಾವಿಯ ನೀರು ಒಗ್ಗಿತು. ಹೆಂಡತಿ ಮೊದಲ ದಿನ ಆಫೀಸಿನಿಂದ ಬಂದಾಗ ಅವಳ ನಡಿಗೆಯೇ ಬೇರೆಯಾಗಿತ್ತು. ತನ್ನ ಮೇಜಿನ ಮೇಲೆ ಗಾಜಿದೆ ಎಂದು ಎರಡು ಸಲ ಹೇಳಿದಳು.

ಸೋಮವಾರ ಬೆಳಿಗ್ಗೆ ಎಂಟೂವರೆಗೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತೆ. ನಾನು ಸಿದ್ಧ ಎಂದು ಮೇಡಂಗೆ ಇಮೇಲ್ ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: ಆಲ್ ದಿ ಬೆಸ್ಟ್ ಸಾರ್, ಎಂಜಾಯ್. ಫೈಲು ಬರಲಿಲ್ಲ. ಹತ್ತು ಗಂಟೆಗೂ ಬರಲಿಲ್ಲ, ಸಂಜೆಗೂ ಬರಲಿಲ್ಲ. ಮಂಗಳವಾರ ನನಗೆ ನಾನೇ ಇಮೇಲ್ ಕಳಿಸಿಕೊಂಡೆ. ಬಂತು. ಬುಧವಾರ, ಬೆಂಗಳೂರಿನಿಂದ ಬರುವುದು ಮಾತ್ರ ಎಲ್ಲೋ ಸಿಕ್ಕಿಕೊಳ್ಳುತ್ತಿದೆ ಎಂದು ತೀರ್ಮಾನಿಸಿ ಲೈನ್‌ಮನ್‌ನನ್ನು ಕರೆಸಿ ಜೋರು ಮಾಡಿದೆ. ಆತ ಕಂಬ ಹತ್ತಿ, ಇಳಿದು, ಫೋನ್ ಎತ್ತಿ ಕಿವಿಗಿಟ್ಟು ನೋಡಿದ.

"ಲೈನ್ ಸಮ ಇತ್ತ್ ಮಾರಾಯ್ರೆ," ಎಂದ. "ನಿಮ್ಗೆ ಯಾರೂ ಬರೆಯುದಿಲ್ಲ ಅಂದ್ರೆ ನಾನ್ ಎಂತ ಮಾಡುದು?"

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, "ಆಫೀಸಿಗೆ ಫೋನ್ ಮಾಡಿ ಕೇಳ್ರೀ," ಎಂದಳು.

"ಕೆಲ್ಸ ಇಲ್ಲ ಅಂದ್ಬಿಟ್ರೆ?"

"ಇಲ್ಲ ಅಂತ ಗೊತ್ತಾಗತ್ತೆ."

"ಅದಕ್ಕೇ ಮಾಡ್ತಿಲ್ಲ."

ಅವಳು ಸಾರಿನ ಪಾತ್ರೆ ನನ್ನ ಕಡೆ ಸರಿಸಿದಳು. ನನ್ನಂಥವರ ರೋಗವೇ ಇದು. ಆಗಬಹುದಾದದ್ದನ್ನು ನಲವತ್ತೆರಡು ಬಗೆಯಲ್ಲಿ ಊಹಿಸುತ್ತೇವೆ, ಆಗಿರುವುದನ್ನು ಒಂದು ಫೋನ್ ಮಾಡಿ ಕೇಳುವುದಿಲ್ಲ. ವಿದೇಶದಲ್ಲಿ ರಜಾ ಕಾಲ ಇರಬೇಕು, ಪತ್ರಿಕೆಗಳಿಂದಲೇ ಲೇಖನ ಬರುತ್ತಿಲ್ಲ, ಎಲ್ಲರೂ ಖಾಲಿ ಕೂತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು ಶನಿವಾರದವರೆಗೂ ಇಸ್ತ್ರಿ ಅಂಗಿಯಲ್ಲಿ ಕೂತಿದ್ದೆ.

ಮುಂದಿನ ಸೋಮವಾರ ಒಂಬತ್ತಕ್ಕೆ ಸರಿಯಾಗಿ ಫೈಲು ಬಂತು. ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಬಂದದ್ದನ್ನು ಮಧ್ಯಾಹ್ನದೊಳಗೆ ಮುಗಿಸಿ ಇನ್ನಷ್ಟು ಕಳಿಸಿ ಎಂದರೆ, "ಎಲ್ರಿಗೂ ಹಂಚಾಯ್ತು ಸಾರ್, ನಿಮ್ ಪಾಲು ಅಷ್ಟೇ," ಎಂದು ಮೇಡಂ ಬರೆಯುತ್ತಿದ್ದರು. ಆ ಮೂರು ವಾರ ನಾನು ಮಾಡಿದ ಕೆಲಸದಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಅದನ್ನು ಈಗಲೂ ಯಾರಾದರೂ ತೆಗೆದು ನೋಡಬಹುದು.

ತಿಂಗಳಾದ ಮೇಲೆ ಯಜಮಾನರ ಫೋನ್ ಬಂತು.

"ಪೇಜ್ ಕಮ್ಮಿ ಬಿದ್ದಿದೆ ಸಾರ್. ಕಾಲು ಭಾಗ ಇಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಮೊದಲನೇ ವಾರ ಕೆಲಸಾನೇ ಇರಲಿಲ್ವಲ್ಲ ಸಾರ್. ಕೆಲಸ ಕಳಿಸದೆ ಪೇಜ್ ಕೇಳಿದ್ರೆ ನಾನು ಎಲ್ಲಿಂದ ತರಲಿ? ಸಮುದ್ರದಿಂದ ಬಲೆ ಹಾಕಿ ಎಳೀಲಾ?" ಅವರೆದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು.

ಅವರು ದನಿ ಏರಿಸಲಿಲ್ಲ. "ಯಾರ್ ಹೇಳಿದ್ರು ವರ್ಕ್ ಇರ್ಲಿಲ್ಲ ಅಂತ? ಆ ವಾರ ಫುಲ್ ಇತ್ತು. ಒಂದು ಪೇಜೂ ಲೇಟ್ ಆಗ್ದೆ ಹೋಗಿದೆ. ನಾನೂ ಈಗ್ಲೇ ನೋಡ್ದೆ." ಆ ಕಡೆ ಹಾಳೆ ತಿರುವಿದ ಸದ್ದಾಯಿತು. ಅವರ ತಲೆಯಲ್ಲಿ ಏನು ಓಡುತ್ತಿದೆ ಎಂದು ನಾನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿದ್ದ ನನಗೆ ಕೇಳಿಸಿತು. "ನೀವಿಲ್ದೇನೇ ಆಗಿದೆ ಸಾರ್. ತಪ್ಪ್ ತಿಳ್ಕೊಬೇಡಿ. ನೀವು ಅಲ್ಲೇ ಇರಿ, ಫ್ಯಾಮಿಲಿ ಜೊತೆ. ಚೇರ್ ಕೇಳೋಕೆ ವಾಪಸ್ ಬರೋದ್ ಬೇಡ. ವರ್ಕ್ ಜಾಸ್ತಿ ಬಂದಾಗ ನಾವೇ ಕಳಿಸ್ತೀವಿ. ಮಾಡ್ಕೊಡಿ."

ಹದಿನಾಲ್ಕು ವರ್ಷದ ಕೆಲಸ ಹೋದದ್ದು ಹೀಗೆ, ಒಂದು ಫೋನಿನಲ್ಲಿ, ಬೈಯದೆ, ಕನ್ನಡದಲ್ಲಿ. ಆಮೇಲೆ ನಾನು ಹೊರಗಿನವನಾದೆ. ಮಳೆ ಬಂದ ಹಾಗೆ ಕೆಲಸ ಬರುತ್ತಿತ್ತು, ಅಥವಾ ಬರುತ್ತಿರಲಿಲ್ಲ. ಹೆಂಡತಿಗೆ ಹೇಳಿದೆ. "ನನ್ನಿಂದ," ಎಂದಳು. ನಾನು ಅಲ್ಲ ಎಂದೆ. ಅವಳಿಂದ ಅಲ್ಲ ಎನ್ನುವುದು ನನಗೆ ಖಚಿತವಿತ್ತು. ಯಾರಿಂದ ಎಂದು ತಿಳಿದುಕೊಳ್ಳದೆ ಬಿಡುವ ಹಾಗಿರಲಿಲ್ಲ. ಜೀವನದಲ್ಲಿ ಒಮ್ಮೆ, ಹೆದರದೆ, ನಾನೇ ಮೇಡಂಗೆ ಫೋನ್ ಮಾಡಿದೆ. ಹೇಳಬೇಕಾದ ಮಾತನ್ನೆಲ್ಲ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ಮಾತುಗಳು ಕೆಟ್ಟದಾಗಿದ್ದವು.

"ಮೇಡಂ, ಮೊದಲನೇ ವಾರ ನನ್ನ ಪಾಲು ಎಲ್ಲಿ ಹೋಯ್ತು?"

"ಅಯ್ಯೋ ಸಾರ್, ಅದು ನಾವೇ ಮಾಡ್ಬಿಟ್ವಿ," ಎಂದರು. ದನಿಯಲ್ಲಿ ಸಂತೋಷವಿತ್ತು. "ದಿನಾ ಎಲ್ರೂ ಒನ್ ಅವರ್ ಎಕ್ಸ್‌ಟ್ರಾ ಕೂತ್ಕೊಂಡು ಮುಗಿಸಿದ್ವಿ. ನಿಮ್ಗೆ ಸಾಮಾನ್ ಬಿಚ್ಬೇಕು, ಗ್ಯಾಸ್ ನೋಡ್ಬೇಕು. ಒಂದ್ ವಾರ ಆದ್ರೂ ಪಾಪ ಸಮುದ್ರ ನೋಡ್ಲಿ ಅಂತ. ಕುರ್ಚಿ ಜೊತೆಗೆ ಇದೂ ನಮ್ ಗಿಫ್ಟು ಅಂದ್ಕೊಂಡ್ವಿ."

"ಯಜಮಾನ್ರಿಗೆ ಹೇಳಿದ್ರಾ?"

"ಅವ್ರಿಗ್ಯಾಕೆ ಸಾರ್, ಅದು ನಮ್ ನಮ್ಮಲ್ಲಿ."

ಹಾಳೆ ನನ್ನ ಕೈಯಲ್ಲಿತ್ತು. ನಾನು ಅದರಲ್ಲಿ ಮುಂದಿನ ಸಾಲು ಹುಡುಕುವಷ್ಟರಲ್ಲಿ ಅವರೇ ಮುಂದುವರಿಸಿದರು, ಸ್ವಲ್ಪ ತಗ್ಗಿದ ದನಿಯಲ್ಲಿ.

"ಶನಿವಾರ ಅಷ್ಟ್ ಜನರ ಮುಂದೆ ಹಾರ ಹಾಕಿ ಕಳಿಸ್ಬಿಟ್ಟು, ಸೋಮವಾರ ಬೆಳಿಗ್ಗೇನೇ ಫೈಲ್ ಹಾಕಿದ್ರೆ ಚೆನ್ನಾಗಿರತ್ತಾ ಸಾರ್? ನೀವೇ ಹೇಳಿ."

"ಇಲ್ಲ ಮೇಡಂ," ಎಂದೆ. "ಚೆನ್ನಾಗಿರಲ್ಲ."